ಅಮರಿಯ ಬಲಗಿವಿ

ಗೊರೇಬಾಳದ ಕಸ್ತೂರೆಮ್ಮ ಮಸ್ಕಿಗೆ ಸೊಸೆಯಾಗಿ ಬಂದ ದಿನ, ಮನೆಯ ಪಡಸಾಲೆಯಲ್ಲಿ ನೆರೆದವರೆಲ್ಲ ಆಕೆಯ ಮುಖ ನೋಡಲು ಕತ್ತು ಚಾಚಿದ್ದರೆ ಒಂದು ಹುಡುಗಿ ಮಾತ್ರ ಗೋಡೆಗೆ ಮುಖ ಮಾಡಿ ನಿಂತಿತ್ತು. ಜೋಳದ ಚೀಲಗಳ ಸಾಲಿನ ಪಕ್ಕ, ಎರಡೂ ಕೈ ಗೋಡೆಗೆ ಊರಿಕೊಂಡು. ಯಾರು ಕರೆದರೂ ತಿರುಗಲಿಲ್ಲ.

ಅದು ಕರಿಬಸಪ್ಪನ ಮೊದಲ ಹೆಂಡತಿಯ ಮಗಳು ಅಮರಮ್ಮ. ಮನೆಯವರ ಬಾಯಲ್ಲಿ ಅಮರಿ. ಇನ್ನೂ ಐದು ತುಂಬಿರಲಿಲ್ಲ. ತಾಯಿ ಗುರುಬಸಮ್ಮ ಹಿಂದಿನ ವರ್ಷ ಊರಿಗೆ ಪ್ಲೇಗು ಬಂದಾಗ ತೀರಿಕೊಂಡಿದ್ದಳು. ಆಗ ಜನರೆಲ್ಲ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಗುಡಿಸಲಲ್ಲೇ ಜ್ವರ ಬಂದು ಗುಡಿಸಲಲ್ಲೇ ಹೋದಳು.

ಕಸ್ತೂರೆಮ್ಮನಿಗೆ ಇದೆಲ್ಲ ಮೊದಲೇ ಗೊತ್ತಿತ್ತು. ಎರಡನೆಯ ಸಂಬಂಧ ಎಂದು ಆಕೆ ಮೂಗು ಮುರಿದವಳಲ್ಲ. ಚಿಕ್ಕವಳಿದ್ದಾಗಲೇ ಆಕೆಯ ತಾಯಿಯೂ ಸತ್ತಿದ್ದಳು. ಮೂವರು ತಮ್ಮಂದಿರಿಗೆ ರೊಟ್ಟಿ ಬಡಿದು ಹಾಕುವುದರಲ್ಲಿ ಲಗ್ನದ ವಯಸ್ಸು ಮೀರಿತೆಂದು ಊರು ಆಡಿಕೊಳ್ಳುವಷ್ಟು ಕಾಲ ಕಳೆದಿತ್ತು. ಅಪ್ಪ ಬಂದ ಸಂಬಂಧಗಳನ್ನೆಲ್ಲ "ಮುಂದಿನ ಸುಗ್ಗಿಗೆ ನೋಡೋಣ" ಎಂದು ಮುಂದೂಡುತ್ತ ಬಂದಿದ್ದ. ಕಡೆಗೆ ದೊಡ್ಡ ತಮ್ಮನಿಗೆ ಹೆಂಡತಿ ಬಂದಳು, ಒಲೆ ಅವಳ ಕೈಗೆ ಹೋಯಿತು. ಮಸ್ಕಿಯಿಂದ ಕಿರಾಣಿ ಅಂಗಡಿಯ ಕರಿಬಸಪ್ಪನ ಕಡೆಯವರು ಕೇಳಿಕೊಂಡು ಬಂದಾಗ ಕಸ್ತೂರೆಮ್ಮ ಕೇಳಿದ್ದು ಒಂದೇ ಮಾತು: "ಆ ಹುಡುಗಿ ಯಾರ ಹತ್ರ ಮಕ್ಕೋತದ?"

ಅಜ್ಜಿಯ ಹತ್ತಿರ ಎಂದರು. ಅಜ್ಜಿ ಎಂದರೆ ಕರಿಬಸಪ್ಪನ ತಾಯಿ ಬಸವಣ್ಣೆಮ್ಮ. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಮಾತು, ಸೊಂಟದಲ್ಲಿ ಕೀಲಿಕೈ ಗೊಂಚಲು. ಹೊಸ ಸೊಸೆ ಬಂದ ಮರುದಿನವೇ ಆಕೆ ಎಚ್ಚರಿಕೆ ಕೊಟ್ಟಳು.

"ನೋಡವ್ವಾ, ಹುಡುಗಿಗೆ ಉಣ್ಣಾಕ ಹಾಕು, ಮೈ ತೊಳಿ. ತಲಿ ಮಾತ್ರ ಮುಟ್ಟಬ್ಯಾಡ. ನಂಗೂ ಮುಟ್ಟಗೊಡಂಗಿಲ್ಲ. ಮುಟ್ಟಿದ್ರ ಕಡೀತದ."

ಯಾಕೆ ಎಂದು ಕಸ್ತೂರೆಮ್ಮನಿಗೆ ತಿಳಿದದ್ದು ಕೆಲವು ದಿನಗಳ ನಂತರ, ಒಂದು ಮಧ್ಯಾಹ್ನ. ಅಮರಿ ಪಡಸಾಲೆಯಲ್ಲಿ ಖಾಲಿ ಗೋಣಿಚೀಲದ ಮೇಲೆ ಎಡಮಗ್ಗುಲಾಗಿ ನಿದ್ದೆ ಹೋಗಿದ್ದಳು. ಕಿವಿಯ ಸುತ್ತ ನೊಣ ಹಾರುತ್ತಿತ್ತು. ನೊಣ ಓಡಿಸಲು ಬಗ್ಗಿದ ಕಸ್ತೂರೆಮ್ಮನಿಗೆ ಹಳಸಿದ ಹಾಲಿನಂಥ ವಾಸನೆ ಬಡಿಯಿತು. ಜಡೆಗಟ್ಟಿದ ಕೂದಲನ್ನು ಬೆರಳ ತುದಿಯಿಂದ ಸರಿಸಿದಳು. ಬಲಗಿವಿಯ ಹಿಂದೆ, ಕಿವಿ ತಲೆಗೆ ಕೂಡುವ ಸಂದಿನಲ್ಲಿ, ಚರ್ಮ ಬೇಸಿಗೆಯ ಎರೆಹೊಲದ ಹಾಗೆ ಬಿರಿದಿತ್ತು. ಬಿರುಕಿನಲ್ಲಿ ಹಸಿ ಕೆಂಪು, ಅಂಚಿಗೆ ಹಳದಿ ಹಕ್ಕಳೆ. ಅದೇ ಬಿರುಕಿನ ಮೇಲೆ ಒಂದು ಕಿವಿಸರಪಳಿ ಕೂತಿತ್ತು. ದೊಡ್ಡ ಹೆಂಗಸರು ಓಲೆಯ ಭಾರ ತಡೆಯಲೆಂದು ಕಿವಿಯ ಮೇಲಿನಿಂದ ಹಿಂದೆ ಹಾಯಿಸಿಕೊಳ್ಳುವಂಥದ್ದು. ಆ ಪುಟ್ಟ ಕಿವಿಗೆ ಉದ್ದವಾಗಿ, ಎರಡು ಸುತ್ತು ಬಂದು ದಾರದಲ್ಲಿ ಬಿಗಿದಿತ್ತು. ಎಡಗಿವಿಯಲ್ಲಿ ಸರಪಳಿಯೂ ಇಲ್ಲ, ಬಿರುಕೂ ಇಲ್ಲ.

ಸಂಜೆ ಅತ್ತೆಯನ್ನು ಕೇಳಿದಳು. ಬಸವಣ್ಣೆಮ್ಮ ಬೀಸುಕಲ್ಲು ನಿಲ್ಲಿಸಿ ಹೇಳಿದಳು.

"ಅವರವ್ವಂದು ಅದು. ನಾನೇ ಲಗ್ನದಾಗ ಕೊಟ್ಟಿದ್ದೆ, ರಾಯಚೂರಿಂದ ತರಿಸಿ. ಅಪ್ಪಟ ಬೆಳ್ಳಿ. ಜ್ವರದಾಗ ಒಂದು ಕಳಚಿ ಹಾಸಿಗ್ಯಾಗ ಬಿದ್ದಿತ್ತು, ಈ ಹುಡುಗಿ ಮುಷ್ಟ್ಯಾಗ ಹಿಡಕೊಂಡುಬಿಡ್ತು. ಅಳು ನಿಲ್ಲಲಿ ಅಂತ ನಾನೇ ಅದರ ಕಿವಿಗೆ ಕಟ್ಟಿದೆ. ಇನ್ನೊಂದು… ಆ ಗದ್ದಲದಾಗ ಯಾರು ನೋಡ್ತಾರವ್ವಾ. ಆಕಿ ಸಂಗಾಟನೇ ಮಣ್ಣಿಗೆ ಹೋತು."

ಬಸವಣ್ಣೆಮ್ಮ ಸುಮ್ಮನೆ ಕೂತವಳಲ್ಲ. ಬೇವಿನ ತಪ್ಪಲು ಅರೆದು ಹಚ್ಚಿದ್ದಳು, ಒಲೆಯ ಬೂದಿ ಉದುರಿಸಿದ್ದಳು, ಯಾರೋ ಹೇಳಿದರೆಂದು ಸುಣ್ಣವನ್ನೂ ಸವರಿದ್ದಳು. ಮಠದ ಅಯ್ಯನವರಿಂದ ತಾಯಿತ ತಂದು ಕಟ್ಟಿದ್ದಳು. ಅಮಾವಾಸ್ಯೆಗೊಮ್ಮೆ ಉಪ್ಪು ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದು ಒಲೆಗೆ ಹಾಕುತ್ತಿದ್ದಳು. ಸುಣ್ಣದ ಉರಿಗೆ ಕಿರುಚಿದ ದಿನದಿಂದ ಹುಡುಗಿ ಯಾರ ಕೈ ಹತ್ತಿರ ಬಂದರೂ ತಲೆಯನ್ನು ಮೊಣಕಾಲ ನಡುವೆ ಅಡಗಿಸುತ್ತಿತ್ತು.

"ಅತ್ತೀ, ಲಿಂಗಸೂರು ದವಾಖಾನಿಗೆ ಒಮ್ಮಿ ತೋರಿಸ್ಕೊಂಡು ಬರೋಣೇನ್ರಿ?"

"ಕಿವಿ ಸಂದಿನ ಹುಣ್ಣಿಗೆ ದವಾಖಾನಿ? ನಾಕು ಮಂದಿ ನಕ್ಕಾರು."

ಕರಿಬಸಪ್ಪ ಮಾತು ಕಡಿಮೆಯ ಮನುಷ್ಯ. ಅಂಗಡಿಯಲ್ಲಿ ಗಿರಾಕಿಗಳ ಸಂಗಡ ಆಡಬೇಕಾದ್ದನ್ನು ಆಡಿ ಮನೆಗೆ ಬರುವಷ್ಟರಲ್ಲಿ ಅವನ ಮಾತು ಮುಗಿದಿರುತ್ತಿತ್ತು. ಅಂದು ಊಟದ ಗಂಗಾಳ ತೊಳೆದು ನೀರು ಕುಡಿದು ಎದ್ದವನು, "ಬೇಸ್ತವಾರ ನಾ ಹೆಂಗೂ ಲಿಂಗಸೂರಿಗೆ ಹೊಂಟೀನಿ, ಮಾಲು ತರಾಕ. ಗಾಡ್ಯಾಗ ಜಾಗ ಐತಿ," ಎಂದು ಹೊರಗೆ ಹೋದ. ಮಗನ ಮಾತು ಅಷ್ಟು ಉದ್ದ ಬಂದದ್ದಕ್ಕೇ ಬಸವಣ್ಣೆಮ್ಮ ಸುಮ್ಮನಾದಳು.

ನಸುಕಿನಲ್ಲಿ ಗಾಡಿ ಕಟ್ಟಿದರು. ದಾರಿಯುದ್ದಕ್ಕೂ ಎರಡೂ ಕಡೆ ಜೋಳ ತೆನೆ ಬಿಟ್ಟು ನಿಂತಿತ್ತು, ಸಾಲುಗಳ ನಡುವೆ ಅಕ್ಕಡಿಯಾಗಿ ಹಾಕಿದ ಕುಸುಬಿ ಹೂವಿನಲ್ಲಿತ್ತು. ಅಮರಿ ಅಪ್ಪನ ಬೆನ್ನಿಗೆ ಅಂಟಿಕೊಂಡು ಕೂತಿದ್ದಳು. ಹಕ್ಕಿ ಓಡಿಸುವ ಕವಣೆಯವರನ್ನು ಕಂಡಾಗ ಮಾತ್ರ ಎದ್ದು ನಿಂತು ನೋಡಿದಳು. ಕಸ್ತೂರೆಮ್ಮ ಬುತ್ತಿ ಬಿಚ್ಚಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿ, ಮೊಸರು ಹಾಕಿ ಕೊಟ್ಟಳು. ಹುಡುಗಿ ತಿಂದಿತು, ಆದರೆ ಕೈಯಿಂದ ಕೈಗೆ ತೆಗೆದುಕೊಳ್ಳಲಿಲ್ಲ. ಗಾಡಿಯ ಹಲಗೆಯ ಮೇಲೆ ಇಟ್ಟ ಮೇಲೆ ಎತ್ತಿಕೊಂಡಿತು.

ಸಂಜೆಗೆ, ಜನ ಲಿಂಗಸೂರೆನ್ನುವ ಲಿಂಗಸೂಗೂರು ಸೇರಿ ಪರಿಚಯದವರ ಮನೆಯಲ್ಲಿ ಉಳಿದು, ಬೆಳಿಗ್ಗೆ ಸರ್ಕಾರಿ ದವಾಖಾನೆಗೆ ಹೋದರು. ಡಾಕ್ಟರು ಹೈದರಾಬಾದಿನ ಕಡೆಯವರು, ಕನ್ನಡ ಬಾರದು. ನಡುವೆ ಮಾತು ದಾಟಿಸುವವನು ಕಂಪೌಂಡರ್ ಬಂದೇಸಾಬ. ಗಡ್ಡದ ಮುದುಕ, ಕಿವಿ ಸ್ವಲ್ಪ ಮಂದ, ಹಾಗಾಗಿ ಎಲ್ಲವನ್ನೂ ಕೂಗಿ ಹೇಳುತ್ತಿದ್ದ.

"ಹುಡುಗಿ ತಾಯಿ ಯಾರು ಅಂತ ಕೇಳಾಕತ್ತಾರ ಸಾಹೇಬ್ರು!"

ಕರಿಬಸಪ್ಪ ನೆಲ ನೋಡಿದ. ಕಸ್ತೂರೆಮ್ಮ ಬಾಯಿ ತೆರೆಯುವುದರೊಳಗೆ ಅಮರಿಯೇ ಹೇಳಿದಳು: "ಅವ್ವ ಇಲ್ಲ. ಇಕಿ ಗೊರೇಬಾಳದಾಕಿ."

ಬಂದೇಸಾಬ ಅದನ್ನು ಉರ್ದುವಿಗೆ ತಿರುಗಿಸದೆ ಕೆಮ್ಮಿದ. ಡಾಕ್ಟರು ಮುಖದಲ್ಲೇ ಅರ್ಥ ಮಾಡಿಕೊಂಡಿರಬೇಕು. ಕುರ್ಚಿಯಿಂದ ಎದ್ದು ಬಂದು ಹುಡುಗಿಯ ಎದುರು ಕುಕ್ಕರಗಾಲಲ್ಲಿ ಕೂತರು. ಮುಟ್ಟಲಿಲ್ಲ. ಆ ಕಡೆ ಈ ಕಡೆ ಬಗ್ಗಿ, ಎರಡೂ ಕಿವಿ ನೋಡಿ, ಏನೋ ಕೇಳಿದರು.

"ಈ ಸರಪಳಿ ಯಾವಾಗ ಹಾಕ್ಯಾರಂತ, ಹುಣ್ಣು ಯಾವಾಗ ಸುರು ಆತಂತ?" ಬಂದೇಸಾಬ ಕೂಗಿದ.

ಎರಡಕ್ಕೂ ಉತ್ತರ ಒಂದೇ ಆಗಿತ್ತು: ತಾಯಿ ಹೋದ ಮೇಲೆ. ಡಾಕ್ಟರು ತಲೆ ಆಡಿಸಿದರು. ಬಂದೇಸಾಬ ಅವರ ಮಾತನ್ನು ಬಿಡಿಸಿ ಬಿಡಿಸಿ ಹೇಳಿದ: "ಇದಕ್ಕ ಇಸಬು ಅಂತಾರವ್ವಾ. ಕಿವಿ ಹಿಂದಿನ ಚರ್ಮ ಬಾಳ ಮೆತ್ತಗಿರ್ತದ. ಅಲ್ಲಿ ಬೆವರು ನಿಂತು, ಮ್ಯಾಲ ಈ ಸರಪಳಿ ತಿಕ್ಕಿ ತಿಕ್ಕಿ ಹರದೈತಿ. ಕೆಲವ್ರ ಮೈಗೆ ಕೆಲವು ಲೋಹ ಆಗಿಬರಂಗಿಲ್ಲ. ಇದನ್ನ ತೆಗೀರಿ, ಮುಲಾಮು ಹಚ್ಚಿರಿ. ಬೂದಿ, ಸುಣ್ಣ ಏನೂ ಬ್ಯಾಡ."

ತೆಗೆಯುವ ಮಾತು ಕೇಳಿದ್ದೇ ಅಮರಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಕಿರುಚಿದಳು. ಹೊರಗಿನ ಕಟ್ಟೆಯ ಮೇಲಿದ್ದ ರೋಗಿಗಳೆಲ್ಲ ಇಣುಕಿ ನೋಡಿದರು. ಕರಿಬಸಪ್ಪ ಎತ್ತಿಕೊಂಡರೆ ಅವನ ಹೆಗಲು ಕಚ್ಚಿದಳು. ಕಿರುಚಿ ಕಿರುಚಿ ಸುಸ್ತಾದ ಮೇಲೆ ಬಿಕ್ಕುತ್ತ ಹೇಳಿದಳು: "ಇನ್ನೊಂದು ಅವ್ವನ ಹತ್ರ ಐತಿ. ಇದು ನಂದು."

ಡಾಕ್ಟರು ಬಲವಂತ ಮಾಡಲಿಲ್ಲ. ಚಿಕ್ಕ ಡಬ್ಬಿಯಲ್ಲಿ ಮುಲಾಮು ಹಾಕಿಸಿ, ಹುಡುಗಿಗೆ ಮನಸ್ಸು ಬಂದಾಗ ತೆಗೆಯಿರಿ, ಅಲ್ಲಿಯವರೆಗೆ ಇದನ್ನಾದರೂ ಹಚ್ಚಿ ಎಂದು ಕಳಿಸಿದರು.

ಹಚ್ಚುವುದು ಹೇಗೆ? ಊರಿಗೆ ಮರಳಿದ ಮೊದಲ ಬೆಳಿಗ್ಗೆ ಕಸ್ತೂರೆಮ್ಮ ಡಬ್ಬಿ ಹಿಡಿದು ಹಿತ್ತಲಿನ ಬಿಸಿಲಲ್ಲಿ ಕೂತಳು. ಅಮರಿ ಒರಳಿನ ಹಿಂದೆ ನಿಂತು ನೋಡಿದಳು.

"ಉರೀತದೇನು?"

"ನಂಗೇನು ಗೊತ್ತು? ನಾ ಹಚ್ಕೊಂಡಿಲ್ಲ."

"ಮೊದಲ ನೀ ಹಚ್ಕೋ."

ಕಸ್ತೂರೆಮ್ಮ ತನ್ನ ಕಿವಿಯ ಹಿಂದೆ ಒಂದು ಬೆರಳು ಮುಲಾಮು ಸವರಿಕೊಂಡಳು. ಅಮರಿ ಹತ್ತಿರ ಬಂದು ಆಕೆಯ ಮುಖವನ್ನೇ ನೋಡಿದಳು. ಕಣ್ಣಲ್ಲಿ ನೀರು ಬರಲಿಲ್ಲ, ಹುಬ್ಬು ಗಂಟಾಗಲಿಲ್ಲ. ಆಮೇಲೆ ತಾನೇ ಬೆನ್ನು ತಿರುಗಿಸಿ ಕೂತಳು. ಅಂದಿನಿಂದ ದಿನವೂ ಅದೇ ಕ್ರಮ. ಮೊದಲು ಗೊರೇಬಾಳದಾಕೆಯ ಕಿವಿಗೆ, ಆಮೇಲೆ ಅಮರಿಯ ಕಿವಿಗೆ. ಡಬ್ಬಿಯ ಅರ್ಧ ಮುಲಾಮು ಏನೂ ಇಲ್ಲದ ಕಿವಿಗೇ ಹೋಯಿತು.

ಹುಣ್ಣು ಸ್ವಲ್ಪ ಆರಿತು. ಸರಪಳಿ ಮೇಲಿದ್ದುದರಿಂದ ಮತ್ತೆ ಬಿರಿಯಿತು. ಸರಪಳಿಗೆ ಅರಳೆಯ ಹಂಜಿ ಸುತ್ತಿದರೆ ಮೆತ್ತಗಿರುತ್ತದೆಂದು ಕಸ್ತೂರೆಮ್ಮ ಯೋಚಿಸಿದಳು, ಅಮರಿಯೂ ಒಪ್ಪಿದಳು. ಹಂಜಿ ಬೆವರು ಕುಡಿದು ಕುಡಿದು ಬಿರುಕು ಇನ್ನೂ ಆಳವಾಯಿತು. ತಾನು ಮಾಡಿದ್ದು ತಪ್ಪಾಯಿತೆಂದು ಆಕೆ ಹಂಜಿ ಬಿಚ್ಚಿ ಎಸೆದಳು. ಬಸವಣ್ಣೆಮ್ಮ ನೋಡಿ, "ನಾ ಹೇಳ್ಲಿಲ್ಲೇನು?" ಎಂದಷ್ಟೇ ಅಂದು ಬೇವಿನ ತಪ್ಪಲು ತರಲು ಹೊರಟಳು. ಕಸ್ತೂರೆಮ್ಮ ಕೈ ಮುಗಿದು ತಡೆದಳು.

ಬಳೆ ತೊಡಿಸಲು ಮನೆಮನೆಗೆ ಬರುವ ಮಾಬುಬೀ ಒಂದು ದಿನ ಹಿತ್ತಲಲ್ಲಿ ಬುಟ್ಟಿ ಇಳಿಸಿ ಈ ಕತೆ ಕೇಳಿದಳು. ಅವಳಿಗೆ ಇದು ಬಹಳ ಸಲೀಸಾಗಿ ಕಂಡಿತು.

"ಅಯ್ಯ, ಇದೇನು ದೊಡ್ಡದು? ನಿದ್ದಿ ಹತ್ತಿದಾಗ ದಾರ ಕತ್ತರಿಸಿ ತೆಗೆದುಬಿಡು. ಕಳದೈತಿ ಅನ್ನು. ಎರಡು ದಿನ ಅಳ್ತದ, ಮರೀತದ."

"ಅಳಲಿ, ಅದಕ್ಕೇನು ಅಂಜಿಕಿಲ್ಲ," ಎಂದಳು ಕಸ್ತೂರೆಮ್ಮ. "ನಿದ್ದ್ಯಾಗ ಇದ್ದಾಗ ನನ್ನ ಕೈ ಹತ್ರ ಬಂದ್ರ ಏನಾದರೂ ಹೋಗ್ತದ ಅಂತ ಅದಕ್ಕ ಗೊತ್ತಾದರ, ಆಮ್ಯಾಲ ನನ್ನ ಹತ್ರ ಹ್ಯಾಂಗ ಮಕ್ಕೋತದ? ಒಮ್ಮಿ ಅವ್ವನ್ನ ಹಂಗ ಕಳಕೊಂಡೈತಿ. ಎರಡನೇ ಸಲ ಕಳಿಯಾಕಿ ನಾ ಆಗಂಗಿಲ್ಲ."

ಮಾಬುಬೀ ಬಳೆ ಒರೆಸಿ ಬುಟ್ಟಿಗೆ ಜೋಡಿಸಿದಳು. ಹೋಗುವಾಗ ಅಮರಿಗೆ ಎರಡು ಹಸಿರು ಬಳೆ ಹೆಚ್ಚಾಗಿ ತೊಡಿಸಿ ಹೋದಳು.

ಚಳಿ ಕಳೆದು ಶಿವರಾತ್ರಿ ಹತ್ತಿರವಾಗಿತ್ತು. ಹಿತ್ತಲಲ್ಲಿ ಹೊಸ ಮೆಣಸಿನಕಾಯಿ ಹರಡಿ, ತೊಟ್ಟು ಬಿಡಿಸುತ್ತ ಕಸ್ತೂರೆಮ್ಮ ಕೂತಿದ್ದಳು. ಅಮರಿ ಎದುರಿಗೆ ಕೂತು ಆಕೆಯ ಮುಂಗೈಯ ಹಚ್ಚೆಯ ಮೇಲೆ ಬೆರಳು ಓಡಿಸುತ್ತಿದ್ದಳು.

"ಇದು ಯಾರು ಹಾಕ್ಯಾರ?"

"ನಮ್ಮವ್ವ ಹಾಕಿಸ್ಯಾಳ. ನಾ ನಿನ್ನಷ್ಟಿದ್ದೆ."

"ನಿಮ್ಮವ್ವ ಎಲ್ಲಿ?"

"ಸತ್ತಾಳ."

ಅಮರಿ ಇದನ್ನು ಮೊದಲ ಸಲ ಕೇಳಿದ್ದು. ದೊಡ್ಡವರ ಅವ್ವಂದಿರೂ ಸಾಯುತ್ತಾರೆಂದು ಗೊತ್ತಿರಲಿಲ್ಲವೋ ಏನೋ, ಆ ಹಚ್ಚೆಯ ಗೆರೆಗಳನ್ನು ಮತ್ತೊಮ್ಮೆ ಬೆರಳಿಂದ ತಿದ್ದಿದಳು.

"ನಿಂಗ ಅದು ಕಾಣ್ತದ," ಎಂದಳು.

"ಕಾಣ್ತದ. ರೊಟ್ಟಿ ಬಡಿವಾಗೆಲ್ಲ ಕಾಣ್ತದ."

"ನಂಗ ನಂದು ಕಾಣಂಗಿಲ್ಲ. ಹಿಂದ ಐತಿ."

ಕಸ್ತೂರೆಮ್ಮ ತೊಟ್ಟು ಬಿಡಿಸುವುದನ್ನು ನಿಲ್ಲಿಸಿದಳು. ಅಮರಿ ಎದ್ದು, ಕಿವಿಯ ದಾರಕ್ಕೆ ಕೈ ಹಾಕಿ, ಗಂಟು ಬಿಚ್ಚಲಾಗದೆ ಒದ್ದಾಡಿದಳು. "ಬಿಚ್ಚು," ಎಂದಳು. ಮೆಣಸಿನಕಾಯಿ ಮುಟ್ಟಿದ ಕೈ ಹುಣ್ಣಿಗೆ ತಾಗಬಾರದೆಂದು ಕಸ್ತೂರೆಮ್ಮ ಬಚ್ಚಲಿಗೆ ಓಡಿ ಸೀಗೆಪುಡಿ ಹಾಕಿ ಕೈ ತಿಕ್ಕಿ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದಳು. ಆ ಹೊತ್ತಿನಲ್ಲಿ ಹುಡುಗಿ ಮನಸ್ಸು ಬದಲಿಸೀತೆಂಬ ಅಂಜಿಕೆ ಇತ್ತು. ಬದಲಿಸಿರಲಿಲ್ಲ. ಗಂಟು ಬಿಚ್ಚಿ, ಹಕ್ಕಳೆಗೆ ಅಂಟಿದ್ದ ಕೊಂಡಿಗಳನ್ನು ಎಣ್ಣೆ ಸವರಿ ಒಂದೊಂದಾಗಿ ಬಿಡಿಸಿದಳು. ಅಮರಿ ಹಲ್ಲು ಕಚ್ಚಿ ಕೂತಿದ್ದಳು. ಸರಪಳಿ ಕೈಗೆ ಬಂದ ಮೇಲೆ ಅದನ್ನು ನೋಡಿ ಹೇಳಿದಳು:

"ನೀ ಹಾಕ್ಕೋ. ನಂಗ ಕಾಣ್ತದ."

ಕಸ್ತೂರೆಮ್ಮ ಹಿಂಜರಿದಳು. ಸತ್ತ ಹೆಂಡತಿಯ ಒಡವೆಯನ್ನು ಎರಡನೆಯವಳು ಹಾಕಿಕೊಂಡಳೆಂದು ಓಣಿಯಲ್ಲಿ ಏನೇನು ಮಾತು ಹುಟ್ಟುತ್ತದೆಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಪೆಟ್ಟಿಗೆಯಲ್ಲಿ ಇಡೋಣ ಎಂದಳು. ಪೆಟ್ಟಿಗೆಯಲ್ಲಿ ಕಾಣುವುದಿಲ್ಲ ಎಂದಳು ಅಮರಿ. ಅಜ್ಜಿಗೆ ಕೊಡೋಣ ಎಂದಳು. ಅಜ್ಜಿಯ ಸೆರಗು ಕಿವಿಯನ್ನು ಮುಚ್ಚಿರುತ್ತದೆ ಎಂದಳು ಹುಡುಗಿ. ಕಸ್ತೂರೆಮ್ಮ ಸರಪಳಿಯನ್ನು ತೊಳೆದು ಹಾಕಿಕೊಂಡಳು.

ಬಸವಣ್ಣೆಮ್ಮ ಗುಡಿಯಿಂದ ಬಂದದ್ದು ಹೊತ್ತು ನೆತ್ತಿಗೇರಿದ ಮೇಲೆ. ಹಿತ್ತಲ ಬಾಗಿಲಲ್ಲೇ ನಿಂತಳು.

"ಕಡೀಗೂ ಹಾಕ್ಕೊಂಡೆ. ಅದಕ್ಕೇನು ಇಷ್ಟು ದಿನ ಮುಲಾಮು ಹಚ್ಚಿದ್ದು? ಹಾಂ? ಸತ್ತಾಕಿ ಬೆಳ್ಳಿ ಮ್ಯಾಲ ಕಣ್ಣಿಟ್ಟು?"

ಕಸ್ತೂರೆಮ್ಮ ಎದ್ದು ನಿಂತಳು. ಅಮರಿ ಮೆಣಸಿನಕಾಯಿ ತುಳಿದುಕೊಂಡೇ ಅಜ್ಜಿಯ ಹತ್ತಿರ ಓಡಿದಳು. "ನಾ ಹಾಕೀನಿ. ನಾನಽ ಹಾಕೀನಿ ಆಕಿಗೆ. ಬೈಬ್ಯಾಡ." ಅಜ್ಜಿಯ ಸೀರೆ ಹಿಡಿದು ಎಳೆದಳು. ಎಳೆದರೂ ಬಸವಣ್ಣೆಮ್ಮ ಅಲುಗದಿದ್ದಾಗ, ಹುಡುಗಿ ಕೂದಲು ಎತ್ತಿ ತನ್ನ ಬಲಗಿವಿಯನ್ನು ತಾನೇ ಮುಂದಕ್ಕೆ ಮಡಚಿ ತೋರಿಸಿದಳು. "ನೋಡು. ಇಲ್ಲ."

ಒಂದು ವರ್ಷದಿಂದ ಮೊಮ್ಮಗಳು ತಲೆ ಮುಟ್ಟಗೊಟ್ಟಿರಲಿಲ್ಲ. ಬಸವಣ್ಣೆಮ್ಮ ಆ ಬರಿಯ ಕಿವಿಯನ್ನೂ ಹಸಿ ಬಿರುಕನ್ನೂ ನೋಡಿ ಒಳಗೆ ಹೋದಳು. ಅಂದು ಉಣ್ಣಲಿಲ್ಲ. ಮರುದಿನವೂ ಸೊಸೆಯೊಡನೆ ಮಾತಾಡಲಿಲ್ಲ. ಕರಿಬಸಪ್ಪ ಅಂಗಡಿಯಿಂದ ಬಂದು ಹೆಂಡತಿಯ ಕಿವಿ ನೋಡಿದ, ಮಗಳ ಕಿವಿ ನೋಡಿದ. ತಾಯಿಯ ಪಕ್ಕ ಹೋಗಿ ಕೂತು, ಅಡಿಕೆ ಕತ್ತರಿಸಿ ಕೊಡುತ್ತ, "ಯವ್ವಾ, ಹುಡುಗಿ ನಿನ್ನಿ ನಕ್ಕಳು, ಕೇಳಿದೇನು?" ಎಂದ. ಬಸವಣ್ಣೆಮ್ಮ ಅಡಿಕೆ ಬಾಯಿಗೆ ಹಾಕಿಕೊಂಡಳು.

ವಾರ ಕಳೆಯುವಷ್ಟರಲ್ಲಿ ಬಿರುಕಿನ ಅಂಚು ಒಣಗಿ ಹೊಸ ಚರ್ಮ ಗುಲಾಬಿ ಬಣ್ಣಕ್ಕೆ ಬಂತು. ಒಂದು ಬೆಳಿಗ್ಗೆ ಕಸ್ತೂರೆಮ್ಮ ರೊಟ್ಟಿ ಬಡಿಯುತ್ತಿದ್ದಾಗ ಹಿಂದಿನಿಂದ ಬಂದ ಬಸವಣ್ಣೆಮ್ಮ ಆಕೆಯ ಕಿವಿಗೆ ಕೈ ಹಾಕಿದಳು. "ಕೊಂಡಿ ತಿರುವಿ ಬಿದ್ದೈತಿ. ಹಾಕ್ಕೊಂಡ ಮ್ಯಾಲ ನೆಟ್ಟಗ ಹಾಕ್ಕೋಬೇಕು," ಎಂದು ಸರಿಪಡಿಸಿ, ಹಿಟ್ಟಿನ ಡಬ್ಬಿ ಹತ್ತಿರಕ್ಕೆ ಸರಿಸಿ ಹೋದಳು. ಅತ್ತೆ ಸೊಸೆಯ ನಡುವೆ ಆ ವಿಷಯ ಅಲ್ಲಿಗೆ ಮುಗಿಯಿತು.

ಬೇಸಿಗೆಯಲ್ಲಿ ಬೆವರಿದಾಗ ಸರಪಳಿ ಕಸ್ತೂರೆಮ್ಮನ ಕಿವಿಯ ಹಿಂದೆ ಹಸಿರು ಕಲೆ ಬಿಡುತ್ತಿತ್ತು. ಬೆಳ್ಳಿ ಹಸಿರು ಬಿಡುವುದಿಲ್ಲವೆಂದು ಯಾರಿಗೆ ಗೊತ್ತಿಲ್ಲ? ರಾಯಚೂರಿನಲ್ಲಿ ಯಾರೋ ಬಸವಣ್ಣೆಮ್ಮನಿಗೆ ಟೋಪಿ ಹಾಕಿದ್ದರು. ಕಸ್ತೂರೆಮ್ಮ ದಿನವೂ ಸ್ನಾನದಲ್ಲಿ ಕಲೆ ತಿಕ್ಕಿ ತೊಳೆಯುತ್ತಿದ್ದಳು. ಅತ್ತೆ ನೆರೆಯವರ ಮುಂದೆ "ಅಪ್ಪಟ ಬೆಳ್ಳಿ" ಎಂದಾಗಲೆಲ್ಲ ಹೌದೆಂದು ತಲೆ ಆಡಿಸುತ್ತಿದ್ದಳು.

ಅಮರಿಯ ಕಿವಿ ಪೂರ್ತಿ ವಾಸಿಯಾಯಿತೆಂದು ಹೇಳಲಾಗದು. ಚಳಿಗಾಲ ಬಂದರೆ ಅದೇ ಜಾಗ ಒರಟಾಗಿ, ಒಮ್ಮೊಮ್ಮೆ ಸಣ್ಣಗೆ ಬಿರಿಯುತ್ತಿತ್ತು. ಆಗ ಕೊಬ್ಬರಿ ಎಣ್ಣೆ ಕಾಸಿ ಸವರುವುದು, ಮೀರಿದರೆ ಲಿಂಗಸೂಗೂರಿನಿಂದ ಮುಲಾಮು ತರಿಸುವುದು. ದೊಡ್ಡ ಕಷ್ಟವೆಂದು ಯಾರಿಗೂ ಅನಿಸಲಿಲ್ಲ. ತಲೆ ಮುಟ್ಟಗೊಡದ ಹುಡುಗಿ ಈಗ ಬೆಳಿಗ್ಗೆ ಎದ್ದರೆ ಬಾಚಣಿಗೆ ಹಿಡಿದು ಬಂದು ಕಸ್ತೂರೆಮ್ಮನ ಮೊಣಕಾಲ ನಡುವೆ ಕೂತುಬಿಡುತ್ತಿದ್ದಳು. ಬೇಗ ಮುಗಿಸಿದರೆ "ಇನ್ನೊಮ್ಮಿ ಹಾಕು" ಎಂದು ಜಡೆ ಬಿಚ್ಚುತ್ತಿದ್ದಳು.

ಗೊರೇಬಾಳದಾಕೆ ಎನ್ನುವುದು ನಿಂತು ಚಿಗವ್ವ ಎನ್ನುವುದು ಶುರುವಾಯಿತು. ಅವ್ವ ಎನ್ನಲಿಲ್ಲ. ಓಣಿಯ ಹೆಂಗಸರು, "ಅವ್ವ ಅಂತ ಕಲಿಸಬಾರದೇನ?" ಎಂದು ಕೇಳಿದರೆ ಕಸ್ತೂರೆಮ್ಮ ನಗುತ್ತಿದ್ದಳು. "ಆಕಿಗೆ ಅವ್ವ ಅದಾಳ. ಚಿಗವ್ವ ಇರಲಿಲ್ಲ. ಅದಕ್ಕ ನಾ ಬಂದೀನಿ."

ಆಮೇಲೆ ಆಕೆಗೆ ಇಬ್ಬರು ಗಂಡುಮಕ್ಕಳು ಹುಟ್ಟಿದರು. ಅವರ ಕಿತಾಪತಿಗೆ ಮನೆ ಸಾಲದಾಯಿತು. ಕರಿಬಸಪ್ಪ ಸಂತೆಗೆ ಹೋದ ದಿನ ಅಂಗಡಿಯಲ್ಲಿ ಕಸ್ತೂರೆಮ್ಮನೇ ಕೂರತೊಡಗಿದಳು. ಗಂಡನಲ್ಲಿ ಮುಗಿದುಹೋಗುತ್ತಿದ್ದ ಮಾತುಗಳೆಲ್ಲ ಆಕೆಯಲ್ಲಿ ಧಾರಾಳವಾಗಿದ್ದವು. ಆಕೆ ಕೂತ ದಿನ ವ್ಯಾಪಾರ ಚೆನ್ನಾಗಿ ಆಗುತ್ತದೆಂದು ಬಸವಣ್ಣೆಮ್ಮನೇ ಹೇಳಿಕೊಂಡು ತಿರುಗಿದಳು. ಮುದುಕಿಯ ಕೊನೆಯ ವರ್ಷಗಳಲ್ಲಿ ಕಣ್ಣು ಮಂಜಾದಾಗ ಕೀಲಿಕೈ ಗೊಂಚಲು ತಾನಾಗಿಯೇ ಸೊಸೆಯ ಸೊಂಟಕ್ಕೆ ಬಂತು.

ಅಮರಿಯನ್ನು ಸಿಂಧನೂರಿಗೆ ಕೊಟ್ಟರು. ಹತ್ತಿಯ ವ್ಯಾಪಾರದ ಮನೆ, ಗಂಡ ಮಾತುಗಾರ, ನಗುವ ಮನುಷ್ಯ. ಲಗ್ನವಾದ ಮುಂದಿನ ವರ್ಷ ಎಳ್ಳಮಾವಾಸ್ಯೆಯ ಹಿಂದೆಮುಂದೆ ಕಸ್ತೂರೆಮ್ಮ ಮತ್ತು ಕರಿಬಸಪ್ಪ ಮಗಳನ್ನು ನೋಡಲು ಹೋದರು. ಅಮರಿ ಸೆರಗು ಸಿಕ್ಕಿಸಿ ಇಡೀ ಅಡುಗೆಮನೆ ಆಳುತ್ತಿದ್ದಳು. ಸಜ್ಜೆ ಕಡುಬು, ಪುಂಡಿಪಲ್ಯ, ಎಣ್ಣೆಗಾಯಿ ಬದನೆಕಾಯಿ ಮಾಡಿ ಚಿಗವ್ವನನ್ನು ಮಣೆಯ ಮೇಲೆ ಕೂರಿಸಿದಳು.

"ಸಾಕಬೇ, ಹೊಟ್ಟಿ ಒಡೀತದ," ಎಂದರೆ, "ನಾ ಮಾಡಿದ್ದು ಬ್ಯಾಡೇನು? ನಿನ್ನ ಕೈಯಡಿಗಿಕಿಂತ ಬೇಸಿಲ್ಲೇನು?" ಎಂದು ಜಗಳ ತೆಗೆದಳು.

"ಉಪ್ಪು ಸ್ವಲ್ಪ ಮುಂದ ಐತಿ," ಎಂದಳು ಕಸ್ತೂರೆಮ್ಮ.

"ಇಲ್ಲ ಬಿಡು. ಅಪ್ಪಾ, ನೀ ಹೇಳು, ಉಪ್ಪು ಮುಂದೈತೇನು?"

ಕರಿಬಸಪ್ಪ ಇಬ್ಬರ ಮುಖವನ್ನೂ ನೋಡಿ ಇನ್ನೊಂದು ರೊಟ್ಟಿ ಬೇಡಿದ. ಅಮರಿಯ ಅತ್ತೆ ಬಾಗಿಲಲ್ಲಿ ನಿಂತು ನಕ್ಕಳು. ಹೊರಡುವ ಹೊತ್ತಿಗೆ ಗಾಡಿಯಲ್ಲಿ ಕಡುಬಿನ ಗಂಟು, ಹಸಿ ಕಡಲೆ ಗಿಡದ ಕಟ್ಟು, ತಮ್ಮಂದಿರಿಗೆಂದು ಬೆಲ್ಲದ ಅಚ್ಚು ಇಟ್ಟಳು. ಬಿಸಿಲು ಹಿತವಾಗಿತ್ತು. ಊರು ದಾಟುವವರೆಗೆ ಕಸ್ತೂರೆಮ್ಮ ಹಸಿ ಕಡಲೆ ಬಿಡಿಸಿ ತಿನ್ನುತ್ತ, ಉಪ್ಪು ನಿಜವಾಗಿಯೂ ಹೆಚ್ಚಾಗಿತ್ತೆಂದು ಗಂಡನಿಗೆ ವಾದ ಹೇಳುತ್ತಿದ್ದಳು. ಜೋಳದ ಹೊಲಗಳು ಶುರುವಾದ ಮೇಲೆ ಆಕೆಯ ದನಿ ನಿಂತಿತು. ಕರಿಬಸಪ್ಪ ತಿರುಗಿ ನೋಡಿದರೆ ಮಡಿಲ ತುಂಬ ಕಡಲೆ ಸಿಪ್ಪೆ ಇಟ್ಟುಕೊಂಡು ನಿದ್ದೆ ಹೋಗಿದ್ದಳು. ಅವನು ಎತ್ತುಗಳನ್ನು ನಿಧಾನಕ್ಕೆ ಬಿಟ್ಟ.